ಕೈಯಾಡಿದ ಕಲ್ಲು

ನಮ್ಮ ಮನೆಯ ಹಿತ್ತಲಲ್ಲಿ ಒಂದು ಬಟ್ಟೆ ಒಗೆಯುವ ಕಲ್ಲಿತ್ತು. ಅದರ ಮೇಲೆ ಕೂರುವಂತಿಲ್ಲ, ನಿಲ್ಲುವಂತಿಲ್ಲ, ಕಾಲು ತೊಳೆಯುವಂತಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಅದನ್ನು ಹತ್ತಿ ಕುಣಿದದ್ದಕ್ಕೆ ಅಮ್ಮ ಬೆನ್ನಿಗೆ ಕೊಟ್ಟ ಏಟು ಇನ್ನೂ ನೆನಪಿದೆ. ಹೊಡೆಯುವ ಪೈಕಿಯ ಅಮ್ಮನಲ್ಲ ಅವಳು, ಅದಕ್ಕೇ ನೆನಪಿದೆ.

ದೊಡ್ಡನೆಕ್ಕುಂದಿಯ ಹಳೇ ಊರಿನೊಳಗಿನ ಮನೆ ನಮ್ಮದು. ಸುತ್ತಲೂ ಕಾರ್ಖಾನೆ, ಆಫೀಸು, ಪಿಜಿಗಳು ಎದ್ದು ನಿಂತರೂ ಹಿತ್ತಲು ಮಾತ್ರ ಹಾಗೇ ಉಳಿದಿತ್ತು. ಒಂದು ನುಗ್ಗೆಮರ, ನೀರಿನ ತೊಟ್ಟಿ, ಗೋಡೆಗೆ ಒರಗಿಸಿದ ಒಂದಿಷ್ಟು ಚಪ್ಪಡಿಗಳು, ಮತ್ತು ಆ ಕಲ್ಲು. ಬೆಳಿಗ್ಗೆ ಎದ್ದವಳೇ ಅಮ್ಮ ಹಂಡೆಯಿಂದ ಒಂದು ಚೊಂಬು ಬೆಚ್ಚನೆಯ ನೀರು ತಂದು ಮೊದಲು ಕಲ್ಲಿಗೆ ಹುಯ್ಯುತ್ತಿದ್ದಳು. ಹುಯ್ಯುವಾಗ ಎಡಗೈಯನ್ನು ಕಲ್ಲಿನ ಒಂದು ತುದಿಯಲ್ಲಿ ಓರೆಯಾಗಿ ಅಡ್ಡ ಹಿಡಿಯುತ್ತಿದ್ದಳು. ಸೀರೆಗೆ ನೀರು ಸಿಡಿಯದಿರಲಿ ಅಂತ ಹಾಗೆ ಮಾಡುತ್ತಾಳೆ ಅಂದುಕೊಂಡಿದ್ದೆ. ಆಮೇಲೆ ಬಟ್ಟೆ. ಬಟ್ಟೆಯನ್ನು ಎತ್ತಿ ಕಲ್ಲಿಗೆ ಬಡಿದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಉಜ್ಜುವುದು, ಜಾಲಿಸುವುದು, ಹಿಂಡುವುದು, ಅಷ್ಟೇ. ಉಜ್ಜುವಾಗ ಬಾಯಲ್ಲಿ ಏನೋ ಗುನುಗು.

"ಯಾರ್ ಜೊತೆ ಮಾತಾಡ್ತಿದ್ದೀಯಮ್ಮಾ?" ಅಂತ ಕೇಳಿದರೆ, "ನಿಮ್ಮಪ್ಪನ ಅಂಗಿ ಕಾಲರ್ ಜೊತೆ" ಅನ್ನುತ್ತಿದ್ದಳು.

ನಾನು ಡಿಗ್ರಿ ಎರಡನೇ ವರ್ಷ ಮುಗಿಸಿದ ಬೇಸಿಗೆಯಲ್ಲಿ ಅಪ್ಪ ಆ ಹಿತ್ತಲಿನಲ್ಲೂ ಪಿಜಿ ಕಟ್ಟಲು ಹೊರಟರು. ಮೇಸ್ತ್ರಿ ಬಂದು ದಾರ ಹಿಡಿದು ಅಳೆದಾಗ ಒಂದು ಪಿಲ್ಲರು ಸರಿಯಾಗಿ ಕಲ್ಲಿದ್ದ ಜಾಗಕ್ಕೇ ಬಂತು. ಚಪ್ಪಡಿಗಳ ಜೊತೆ ಅದನ್ನೂ ಒಡೆದು ಬುನಾದಿಗೆ ತುಂಬಿಬಿಡೋಣ ಅಂದ ಮೇಸ್ತ್ರಿ. ಅಮ್ಮ ಅಡುಗೆಮನೆ ಬಾಗಿಲಿಂದಲೇ ಹೇಳಿದಳು, "ಆ ಕಲ್ಲು ಮುಟ್ಟಂಗಿಲ್ಲ."

"ವಾಷಿಂಗ್ ಮಷೀನ್ ತಂದ್ಕೊಟ್ಟು ಎಷ್ಟು ಕಾಲ ಆಯ್ತು? ಅದರ ಮೇಲೆ ಈರುಳ್ಳಿ ಬುಟ್ಟಿ ಇಟ್ಕೊಂಡು ಕೂತಿದ್ದೀಯ," ಅಂದರು ಅಪ್ಪ.

"ಮಷೀನ್ ನೀವಿಟ್ಕೊಳ್ರಿ. ಕಲ್ಲು ನಂದು."

ಅಪ್ಪನಿಗೆ ಪಿತ್ತ ನೆತ್ತಿಗೇರಿತು. ಮನೆಯೊಳಗೆ ಮಾತು ನಿಂತಿತು. ಮುಂದಿನ ದಿನಗಳಲ್ಲಿ ಊಟಕ್ಕೆ ಕರೆಯುವುದೂ ನನ್ನ ಮೂಲಕವೇ ಆಯಿತು.

ಅದೇ ಬೇಸಿಗೆಯಲ್ಲಿ ನನಗೆ ಸಂಶೋಧನೆಯ ಹುಚ್ಚು. ನಮ್ಮ ಕ್ಲಾಸಿನವರೆಲ್ಲ ರಜೆಗೆ ಯಾವುದಾದರೂ ಲ್ಯಾಬು ಸೇರಬೇಕೆಂದು ಸಿಕ್ಕಸಿಕ್ಕ ಪ್ರೊಫೆಸರುಗಳಿಗೆಲ್ಲ ಮೇಲ್ ಹಾಕುತ್ತಿದ್ದರು. ನನ್ನ ಆಸೆ ಜೀನುಗಳ ಮೇಲೆ. ಬಿಳಿ ಕೋಟು ಹಾಕಿಕೊಂಡು ಎಸಿ ಕೋಣೆಯಲ್ಲಿ ಕೂತು ಏನನ್ನೋ ಕಂಡುಹಿಡಿಯುವ ಕನಸು. ಉತ್ತರ ಬಂದದ್ದು ಒಬ್ಬರಿಂದ ಮಾತ್ರ. ಸಸ್ಯಶಾಸ್ತ್ರದ ಮೇಡಂ, ಅವರ ಆಸಕ್ತಿ ಬಂಡೆಗಳ ಮೇಲೆ ಪಾಚಿಯ ಹಾಗೆ ಹಬ್ಬುವ ಕಲ್ಲುಹೂವು. ಕಲ್ಲುಹೂವು ಎಷ್ಟು ವರ್ಷಕ್ಕೆ ಎಷ್ಟು ಬೆಳೆಯುತ್ತದೆ ಅಂತ ತಿಳಿಯಬೇಕಾದರೆ ವಯಸ್ಸು ಗೊತ್ತಿರುವ ಕಲ್ಲು ಬೇಕು. ವಯಸ್ಸು ಬರೆದುಕೊಂಡಿರುವ ಕಲ್ಲೆಂದರೆ ಗೋರಿಕಲ್ಲು. ಕಂಟೋನ್ಮೆಂಟ್ ಕಡೆಯ ಒಂದು ಹಳೇ ಕ್ರೈಸ್ತ ಸ್ಮಶಾನಕ್ಕೆ ಅನುಮತಿ ಸಿಕ್ಕಿತ್ತು.

"ಕೇಳಿದ್ದು ಜೀನು, ಸಿಕ್ಕಿದ್ದು ಗೋರಿ. ನಿನ್ ಹಣೆಬರಹ ನೋಡು ಮಗಾ," ಅಂತ ನನ್ನ ಜೊತೆಗಾತಿ ನಕ್ಕಳು. ಶಿವಾಜಿನಗರದ ಹುಡುಗಿ, ನನ್ನದೇ ಕ್ಲಾಸು. ಅವಳಿಗೂ ಅದೇ ಗೋರಿಯೇ ಸಿಕ್ಕಿದ್ದು, ಆ ಮಾತು ಬೇರೆ.

ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿ ಹಲಸೂರಿನಲ್ಲಿ ಇಳಿದರೆ ಅವಳು ಅಲ್ಲಿ ಕಾದಿರುತ್ತಿದ್ದಳು. ಕೆಲಸ ಸರಳ. ಕಲ್ಲಿನ ಮೇಲಿನ ಇಸವಿ ಓದಬೇಕು, ಅದರ ಮೇಲೆ ಬೆಳೆದ ಬೂದುಬಣ್ಣದ ದುಂಡನೆಯ ಮಚ್ಚೆಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹುಡುಕಿ ಸ್ಕೇಲಿಟ್ಟು ಅಳೆಯಬೇಕು. ವರ್ಷವೆಲ್ಲ ಬೆಳೆದರೂ ಕಲ್ಲುಹೂವು ಉಗುರಿನ ಅಂಚಿನಷ್ಟು ಬೆಳೆದರೆ ಹೆಚ್ಚು. ಮೇಡಂ ಹಾಕಿದ ಕಟ್ಟಳೆ ಒಂದೇ, "ಯಾರಾದ್ರೂ ತೊಳೆದು ಉಜ್ಜಿರೋ ಕಲ್ಲನ್ನ ಬಿಟ್ಬಿಡಿ. ಕೈಯಾಡಿದ ಕಲ್ಲು ನಮ್ಮ ಲೆಕ್ಕಕ್ಕೆ ಬರಲ್ಲ."

ಮೊದಲ ವಾರ ಬರೀ ತಮಾಷೆಯಾಗಿತ್ತು. ಆಮೇಲೆ ಒಂಥರಾ ಆಗತೊಡಗಿತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಲ್ಲು ನೋಡುತ್ತಾ ಹೋದಂತೆ, ಯಾರನ್ನು ಮರೆತಿದ್ದಾರೆ, ಯಾರನ್ನು ಮರೆತಿಲ್ಲ ಎನ್ನುವುದು ದೂರದಿಂದಲೇ ತಿಳಿಯುತ್ತಿತ್ತು. ಮರೆತವರ ಕಲ್ಲಿನ ಮೇಲೆ ಹೂವು ದಟ್ಟವಾಗಿ ಬೆಳೆದು ಹೆಸರನ್ನೇ ನುಂಗಿರುತ್ತಿತ್ತು. ನಮಗೆ ಬೇಕಾದದ್ದು ಅಂಥ ಕಲ್ಲುಗಳೇ. ದೊಡ್ಡ ಮಚ್ಚೆ ಸಿಕ್ಕಾಗ ಖುಷಿಯಲ್ಲಿ ಕೂಗುತ್ತಿದ್ದೆವು. ಕೂಗಿದ ಮೇಲೆ ಇಬ್ಬರಿಗೂ ಕಸಿವಿಸಿ, ಸುತ್ತ ನೋಡಿ ದನಿ ತಗ್ಗಿಸುತ್ತಿದ್ದೆವು.

ಸಂಜೆ ಮನೆಗೆ ಬಂದರೆ ಅಮ್ಮ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಪಕ್ಕದ ಓಣಿಯಿಂದ ಹಿತ್ತಲಿಗೆ ಬರಬೇಕು, ಕೈಕಾಲು ತೊಳೆಯಬೇಕು.

"ಕಲ್ಲಿಂದ ಈಚೆ ನಿಂತ್ಕೋ. ಮಸಣದ ಮಣ್ಣು ಅದಕ್ಕೆ ತಾಗೋದು ಬೇಡ," ಅನ್ನುತ್ತಾ ತಾನೇ ಚೊಂಬಿನಿಂದ ನೀರು ಹಾಕುತ್ತಿದ್ದಳು. "ಕಲ್ಲುಹೂವು ಅಂದ್ರೆ ನಾವು ಪಲಾವಿಗೆ ಹಾಕೋದೇ ಅಲ್ವೇನೇ? ಅದನ್ನ ಹುಡುಕ್ಕೊಂಡು ಮಸಣಕ್ಕೆ ಹೋಗ್ಬೇಕಾ? ಅಂಗಡೀಲಿ ಕೇಳಿದ್ರೆ ಪೊಟ್ಟಣ ಕಟ್ಟಿ ಕೊಡ್ತಾನೆ."

ಒಂದು ದಿನ ಸ್ಮಶಾನದ ಹಿಂಬದಿಯ ಗೋಡೆಯ ಹತ್ತಿರ ಮಕ್ಕಳ ಗೋರಿಗಳ ಸಾಲಿಗೆ ಬಂದೆವು. ಎಲ್ಲವೂ ಮೊಣಕಾಲೆತ್ತರದ ಪುಟ್ಟ ಕಲ್ಲುಗಳು, ಎಲ್ಲದರ ಮೇಲೂ ಹೂವು. ನಡುವೆ ಒಂದೇ ಒಂದು ಕಲ್ಲು ಚೊಕ್ಕಟವಾಗಿತ್ತು. ಅಕ್ಷರಗಳ ಸಂದಿಯಲ್ಲೂ ಧೂಳಿರಲಿಲ್ಲ. ಇಸವಿ ಓದಿದೆ. ನೂರು ವರ್ಷಕ್ಕೂ ಹಿಂದಿನದು. ಯಾವುದೋ ವಿದೇಶಿ ದಂಪತಿಯ, ಆರೇ ವಾರ ಬದುಕಿದ್ದ ಕೂಸು. ಆ ಮಗುವನ್ನು ಎತ್ತಿಕೊಂಡವರಿರಲಿ, ಅವರನ್ನು ಕಂಡವರೂ ಈ ಭೂಮಿಯ ಮೇಲೆ ಉಳಿದಿರಲಾರರು. ಬೆರಳಿಟ್ಟು ನೋಡಿದರೆ ಕಲ್ಲು ಇನ್ನೂ ಒದ್ದೆಯಾಗಿತ್ತು.

"ಲೇ, ನಡಿಯೇ ಹೋಗೋಣ," ಅಂದಳು ಗೆಳತಿ. ನಗಲಿಲ್ಲ. ಗೇಟಿನ ಹತ್ತಿರ ಕೂತಿದ್ದ ಕಾವಲಿನವನನ್ನು ಕೇಳಿದರೆ, ಬೆಳಿಗ್ಗೆಯಿಂದ ನಿಮ್ಮಿಬ್ಬರನ್ನು ಬಿಟ್ಟು ಯಾರೂ ಬಂದಿಲ್ಲ ಅಂದ. ಅವನು ಟೀ ಕುಡಿಯಲು ಹೋದಾಗ ಯಾರಾದರೂ ಬಂದುಹೋಗಿರಬಹುದು. ಹಾಗಂತ ಮೆಟ್ರೋದಲ್ಲಿ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಸಂಜೆ ಕಾಲಿಗೆ ನೀರು ಹಾಕುತ್ತಿದ್ದ ಅಮ್ಮನಿಗೆ ಇದನ್ನು ಹೇಳಿದೆ. ಅವಳ ಕೈ ನಿಂತಿತು.

"ಯಾರೋ ತಾಯಿ ತೊಳೆದಿರ್ತಾಳೆ," ಅಂದಳು.

"ಅಯ್ಯೋ ಅಮ್ಮಾ, ನೂರು ವರ್ಷದ ಹಿಂದಿನ ಮಗು ಅಂದ್ನಲ್ಲ. ತಾಯಿ ಎಲ್ಲಿರ್ತಾಳೆ?"

"ಆ ಮಗು ತಾಯೀನೇ ಆಗ್ಬೇಕಾ? ತನ್ನ ಕೂಸಿಗೆ ಕಲ್ಲಿಲ್ದೋಳು ಯಾರೋ ಇರ್ತಾಳೆ. ಕೈ ಸುಮ್ನಿರುತ್ತಾ?"

ಚೊಂಬನ್ನು ತೊಟ್ಟಿಯ ಮೇಲಿಟ್ಟು ಒಳಗೆ ಹೋದಳು. ನನ್ನ ಒಂದು ಕಾಲು ತೊಳೆದಿತ್ತು, ಇನ್ನೊಂದು ಹಾಗೇ ಇತ್ತು. ನನಗಿಂತ ಮುಂಚೆ ಒಂದು ಹೆಣ್ಣುಮಗು ಹುಟ್ಟಿ ಹೋಗಿತ್ತು ಅನ್ನುವುದು ನನಗೆ ಗೊತ್ತಿತ್ತು. ಅಜ್ಜಿ ಯಾವಾಗಲೋ ಬಾಯಿ ತಪ್ಪಿ ಆಡಿದ ಮಾತು. ಅದರ ಬಗ್ಗೆ ಮನೆಯಲ್ಲಿ ಎಲ್ಲರ ಬಾಯಿಗೂ ಬೀಗ.

ಭಾನುವಾರ ಮೇಸ್ತ್ರಿ ಇಬ್ಬರು ಆಳುಗಳನ್ನು ಕರೆದುಕೊಂಡು ಹಾರೆ ಸಮೇತ ಬಂದ. ನಮಗೆ ರಜೆ, ನಾನು ಮನೆಯಲ್ಲಿದ್ದೆ. ಮೊದಲು ಗೋಡೆಗೊರಗಿದ್ದ ಚಪ್ಪಡಿಗಳನ್ನು ಒಂದೊಂದಾಗಿ ಈಚೆ ಎಳೆದು ಮಲಗಿಸಿದರು. ತಾತ ಹೊಲ ಮಾರಿದಾಗ ಅಲ್ಲಿಂದ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ ಕಲ್ಲುಗಳು ಅವು. ಒಗೆಯುವ ಕಲ್ಲೂ ಅದೇ ಟ್ರ್ಯಾಕ್ಟರಿನಲ್ಲಿ ಬಂದದ್ದು. ಅಮ್ಮ ಬಂದು ಅದರ ಮುಂದೆ ನಿಂತಳು.

"ಹಾರೆ ತೆಗಿ," ಅಂದಳು ಆಳಿಗೆ.

"ಅಮ್ಮಾ, ಇದಕ್ಕಿಂತ ಒಳ್ಳೇ ಕಲ್ಲು ತಂದು ಮೇಲ್ಗಡೆ ಟೆರೇಸಲ್ಲಿ ಹಾಕ್ಕೊಡ್ತೀನಿ," ಅಂದ ಮೇಸ್ತ್ರಿ, ಸಮಾಧಾನ ಮಾಡುವ ದನಿಯಲ್ಲಿ.

"ಜನರೆದುರು ಮರ್ಯಾದೆ ತೆಗೀಬೇಡ. ಯಾಕೆ ಅಂತಾದ್ರೂ ಹೇಳು. ಏನಿದೆ ಅಂಥದ್ದು ಅದರಲ್ಲಿ? ಬಾಯಿ ಬಿಡು!" ಅಪ್ಪ ಕೂಗಾಡಿದರು. ಕೂಗುತ್ತಲೇ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಕಾಲನ್ನೆತ್ತಿ ಆ ಕಲ್ಲಿನ ಮೇಲಿಟ್ಟರು.

"ಕಾಲ್ ತೆಗೀರಿ!" ಅಮ್ಮ ಕಿರುಚಿದ ರೀತಿಗೆ ಆಳುಗಳು ಹಿಂದೆ ಸರಿದರು.

ನಾನು ಕಲ್ಲುಗಳನ್ನು ನೋಡುತ್ತಿದ್ದೆ. ಅಭ್ಯಾಸಬಲ. ಮಲಗಿಸಿದ ಚಪ್ಪಡಿಗಳ ತುಂಬ ಬೂದುಬಣ್ಣದ ಮಚ್ಚೆಗಳು. ಒಂದೇ ಹೊಲದ ಕಲ್ಲು, ಒಂದೇ ದಿನ ಬಂದದ್ದು, ಒಂದೇ ಹಿತ್ತಲಲ್ಲಿ ಬಿಸಿಲು ಮಳೆ ಕಂಡದ್ದು. ಅಮ್ಮನ ಕಲ್ಲಿನ ಮೇಲೆ ಮಾತ್ರ ಒಂದು ಚುಕ್ಕೆಯೂ ಇಲ್ಲ. ಬಟ್ಟೆ ತಾಗದ ಅಂಚಿನಲ್ಲೂ ಇಲ್ಲ, ನೆಲಕ್ಕೆ ಹತ್ತಿದ ಪಕ್ಕೆಯಲ್ಲೂ ಇಲ್ಲ. ಬಟ್ಟೆ ಒಗೆಯುವವರು ಯಾರೂ ಕಲ್ಲಿನ ಪಕ್ಕೆ ಉಜ್ಜುವುದಿಲ್ಲ.

ಎಲ್ಲರೂ ಅವಳನ್ನು ಯಾಕೆ, ಯಾಕೆ ಅಂತ ಕೇಳುತ್ತಿದ್ದರು. ನಾನು ಕೇಳಿದೆ, "ಅಮ್ಮಾ, ಇದು ಯಾರ್ದು?"

ಅಮ್ಮ ನನ್ನನ್ನು ನೋಡಿದಳು. "ನಿಮ್ಮಕ್ಕಂದು," ಅಂದಳು.

ಮೇಸ್ತ್ರಿ ಆಳುಗಳಿಗೆ ಕಣ್ಣಲ್ಲೇ ಹೇಳಿ ಓಣಿಯ ಕಡೆ ಕರೆದುಕೊಂಡು ಹೋದ. ಆಮೇಲೆ ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ತವರಿನಿಂದ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬಂದು ಇನ್ನೂ ವಾರವಾಗಿರಲಿಲ್ಲ, ಜ್ವರ ಬಂತು, ಕೂಸು ಹೋಯಿತು. ಅಪ್ಪ ಕಾರ್ಖಾನೆಯ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ತಾತನೇ ಮಗುವನ್ನು ಹೊಲಕ್ಕೆ ಒಯ್ದು ಮಣ್ಣು ಮಾಡಿ, ನಾಯಿ ಕೆದಕದಿರಲಿ ಅಂತ ಮೇಲೊಂದು ಚಪ್ಪಡಿ ಎಳೆದು ಬಂದರು. ಹೆಂಗಸರು ಅಲ್ಲಿಗೆ ಹೋಗಬಾರದು ಅಂದರು. ಯಾವ ಮೂಲೆ ಅಂತಲೂ ಹೇಳಲಿಲ್ಲ. ಹೊಲ ಮಾರಿದ ದಿನ ಟ್ರ್ಯಾಕ್ಟರಿನಿಂದ ಈ ಕಲ್ಲನ್ನು ಬೇರೆಯಾಗಿ ಇಳಿಸಿಕೊಂಡು, ಸೊಸೆಯನ್ನು ಕರೆದು, "ಇದು ಆ ಕೂಸಿನ ಮೇಲಿದ್ದದ್ದು ಕಣಮ್ಮ. ಬಿಟ್ಟು ಬರಕ್ಕೆ ಮನಸ್ಸಾಗ್ಲಿಲ್ಲ," ಅಂದರಂತೆ. ಅದನ್ನು ತಾವೇ ಮಟ್ಟ ಮಾಡಿ ಹಾಕಿಕೊಟ್ಟರಂತೆ. ಇನ್ನೊಬ್ಬರ ಕಿವಿಗೆ ಹಾಕದೆ ತೀರಿಕೊಂಡರು.

"ಅದ್ರ ಮೇಲೆ ಬಟ್ಟೆ ಒಗೀತಿದ್ಯಲ್ಲಮ್ಮಾ," ಅಂದೆ.

"ಇನ್ನೇನ್ ಮಾಡ್ಲಿ? ಸುಮ್ನೆ ಕಲ್ಲು ಸವರ್ತಾ ಕೂತಿದ್ರೆ ಹುಚ್ಚು ಹಿಡೀತು ಅಂತಿದ್ರು. ಬಟ್ಟೆ ಒಗೆಯೋಳನ್ನ ಯಾಕೆ ಅಂತ ಯಾರು ಕೇಳ್ತಾರೆ?"

ಅಪ್ಪ ಕಾಲಲ್ಲಿದ್ದ ಚಪ್ಪಲಿ ಬಿಟ್ಟು ಅಲ್ಲೇ ನೆಲದ ಮೇಲೆ ಕುಕ್ಕರಿಸಿದರು. "ನಾನು ಬಂದಾಗ ಎಲ್ಲ ಮುಗಿದಿತ್ತು. ಎಲ್ಲಿ ಅಂತ ಕೇಳಿದ್ದಕ್ಕೆ ನಿಮ್ ತಾತ, ಆಯ್ತಲ್ಲ ಬಿಡು ಅಂದ್ರು," ಅಂತ ನನಗೆ ಹೇಳಿದರು. ಅಮ್ಮನ ಕಡೆ ನೋಡುವ ಧೈರ್ಯ ಅವರಿಗಿರಲಿಲ್ಲ.

ಪಿಲ್ಲರನ್ನು ಪಕ್ಕಕ್ಕೆ ಸರಿಸಿದರು. ಹೇಗೆ ಸರಿಸಿದರು, ಅದಕ್ಕೆ ಒಂದು ರೂಮು ಹೇಗೆ ಚಿಕ್ಕದಾಯಿತು ಅನ್ನುವುದು ಮೇಸ್ತ್ರಿಗೆ ಗೊತ್ತು.

ನನಗೆ ಮಾತ್ರ ಆಮೇಲೆ ಆ ಮನೆ ಮೊದಲಿನಂತೆ ಆಗಲೇ ಇಲ್ಲ. ನನ್ನ ಸ್ಕೂಲು ಯೂನಿಫಾರಂ, ಹಬ್ಬದ ಲಂಗ, ಎಲ್ಲವೂ ಅಕ್ಕನ ಮೈಮೇಲಿನ ಕಲ್ಲಿನಲ್ಲಿ ಒಗೆದು ನನ್ನ ಮೈಗೆ ಬಂದದ್ದು. ಬೆಳಿಗ್ಗೆ ಹಿತ್ತಲಿನಿಂದ ನೀರಿನ ಸದ್ದು ಕೇಳಿದರೆ ಎದ್ದು ಕೂರುತ್ತಿದ್ದೆ. ಅಮ್ಮ ಗುನುಗುತ್ತಾ ನಡುನಡುವೆ ಮಾತು ನಿಲ್ಲಿಸುತ್ತಿದ್ದಳು, ಯಾರಾದರೂ ಉತ್ತರ ಕೊಡಲಿ ಎಂದು ಕಾಯುವವರ ಹಾಗೆ. ಅಷ್ಟು ವರ್ಷ ಅದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಅಕ್ಕನ ಹೆಸರೂ ಗೊತ್ತಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ, ಅಮ್ಮ ಬೇಡ ಅಂದಿದ್ದಾಳೆ.

ನಮ್ಮ ಹೊಲವಿದ್ದದ್ದು ಮಹದೇವಪುರದ ಕಡೆ, ಈಗ ಅಲ್ಲಿ ಗಾಜಿನ ಕಟ್ಟಡ. ಒಂದು ಮಧ್ಯಾಹ್ನ ಹೋಗಿ ಗೇಟಿನ ಮುಂದೆ ನಿಂತೆ. ಕುತ್ತಿಗೆಗೆ ಐಡಿ ಕಾರ್ಡು ನೇತುಹಾಕಿಕೊಂಡವರು ಒಳಗೆ ಹೋಗುತ್ತಿದ್ದರು, ಹೊರಗೆ ಬರುತ್ತಿದ್ದರು. ಸೆಕ್ಯೂರಿಟಿಯವನು ಹತ್ತಿರ ಬಂದ.

"ಯಾರ್ ಬೇಕಿತ್ತು ಮೇಡಂ?"

"ಅಕ್ಕ," ಅಂದೆ. ಬಾಯಿಗೆ ಬಂದದ್ದು ಅದೇ.

"ಫೋನ್ ಮಾಡಿ. ಬರ್ತಾರೆ," ಅಂದ, ಒಳ್ಳೆಯ ಮನುಷ್ಯ. ನೆರಳಿಗೆ ಬನ್ನಿ ಅಂತ ಕುರ್ಚಿಯನ್ನೂ ಸರಿಸಿಕೊಟ್ಟ. ಸ್ವಲ್ಪ ಹೊತ್ತು ಕೂತಿದ್ದು ಬಸ್ಸು ಹತ್ತಿದೆ.

ಬೇಸಿಗೆಯ ಕೊನೆಗೆ ಮೇಡಂ ಮುಂದೆ ನಮ್ಮ ಕೆಲಸ ಒಪ್ಪಿಸಿದೆವು. ಹಿಂಗೋಡೆಯ ಹತ್ತಿರದ ಆ ಪುಟ್ಟ ಕಲ್ಲನ್ನು ಲೆಕ್ಕದಿಂದ ಬಿಟ್ಟಿದ್ದೆವು, ಕಟ್ಟಳೆಯಂತೆ. ಅದನ್ನು ಯಾರು ತೊಳೆಯುತ್ತಾರೆ ಅನ್ನುವುದು ಕೊನೆಗೂ ತಿಳಿಯಲಿಲ್ಲ. ಕೊನೆಯ ದಿನ ಹೋದಾಗಲೂ ಒದ್ದೆಯಾಗಿತ್ತು. ಗೆಳತಿ ತನ್ನ ಬಾಟಲಿಯಲ್ಲಿದ್ದ ನೀರನ್ನು ಅದರ ಮೇಲೆ ಹುಯ್ದಳು.

ಈಗ ಹಿತ್ತಲಿಲ್ಲ, ನುಗ್ಗೆಮರವೂ ಇಲ್ಲ. ಪಿಜಿ ಹುಡುಗರ ಬೈಕುಗಳು ಸಾಲಾಗಿ ನಿಲ್ಲುವ ಜಾಗದಲ್ಲಿ, ಒಂದು ಮೂಲೆಯಲ್ಲಿ ಅಷ್ಟಗಲ ಕಟ್ಟೆ ಕಟ್ಟಿಸಿ ಕಲ್ಲನ್ನು ಉಳಿಸಿದ್ದಾರೆ. ಅಮ್ಮನಿಗೆ ಮೊಣಕಾಲು ನೋವು, ಬಗ್ಗಲಾಗುವುದಿಲ್ಲ. ಬಟ್ಟೆಯೆಲ್ಲ ಮಷೀನಿಗೇ ಹೋಗುತ್ತದೆ. ಮೊನ್ನೆ ಬೆಳಿಗ್ಗೆ ಕಾಲೇಜಿಗೆ ಹೊರಟು ಹೊರಗೆ ಬಂದಾಗ ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಅಪ್ಪ ಚಪ್ಪಲಿ ಬಿಟ್ಟು, ಪಂಚೆ ಎತ್ತಿಕಟ್ಟಿ, ಮೊಣಕಾಲೂರಿ ಚೊಂಬಿನಿಂದ ಕಲ್ಲಿಗೆ ನೀರು ಹುಯ್ಯುತ್ತಿದ್ದರು. ಗಂಡಸರ ಕೈ, ಧಾರೆ ದಪ್ಪವಾಗಿ ನೇರ ತುದಿಗೇ ಬೀಳುತ್ತಿತ್ತು.

ಅಮ್ಮ ಕೂತಲ್ಲಿಂದಲೇ ಮುಂದೆ ಬಗ್ಗಿ ಅವರ ಎಡಗೈ ಹಿಡಿದು ಎಳೆದು ಕಲ್ಲಿನ ತುದಿಯಲ್ಲಿ ಓರೆಯಾಗಿ ಇಟ್ಟಳು.

"ಮೆಲ್ಲಗೆ ರೀ. ಕೈ ಅಡ್ಡ ಹಿಡೀರಿ," ಅಂದಳು. "ಕಣ್ಣಿಗೆ ಹೋಗುತ್ತೆ."