ಕೆರೆ ಕೊಟ್ಟ ಮನೆ

ಶಲವಡಿ ರಸ್ತೆಯಿಂದ ನಮ್ಮೂರ ಕೆರೆಗೆ ತಿರುಗುವ ಜಾಗದಲ್ಲಿ ಒಂದು ಕರಿ ಗ್ರಾನೈಟ್ ಕಲ್ಲು ನಿಂತಿದೆ. ಅದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ‘ಐತಿಹಾಸಿಕ ಕುಡಿಯುವ ನೀರಿನ ಕೆರೆ. ವಾಡೆಯ ಹಿರಿಯರು ಜನಹಿತಕ್ಕಾಗಿ ತಮ್ಮ ಜಮೀನು ದಾನ ಕೊಟ್ಟು ಕಟ್ಟಿಸಿದ್ದು’ ಎಂದು ಬಂಗಾರದ ಬಣ್ಣ ತುಂಬಿ ಕೊರೆಸಿದ್ದಾರೆ. ಕೊರೆಸಿದವರು ಊರಿನ ದೊಡ್ಡ ಮನೆಯಾದ ಆ ವಾಡೆಯವರೇ.

ಜಮೀನು ಕೊಟ್ಟವಳು ನನ್ನ ಗಂಡನ ಮುತ್ತಜ್ಜಿ. ತವರಿನಿಂದ ಬಂದ ಎರೆಹೊಲ. ಹೆಂಗಸರು ಕೊಡ ಹೊತ್ತು ಪಕ್ಕದೂರಿಗೆ ಅಲೆಯುವುದನ್ನು ನೋಡಲಾರದೆ ಕೊಟ್ಟಳಂತೆ. ಆಗ ವಾಡೆಯವರು ಕೆರೆಗೆ ನೀರು ತರುವ ಕಾಲುವೆಗೆಂದು ತಮ್ಮ ಹೊಲದ ಬದುವನ್ನೂ ಮುಟ್ಟಗೊಡಲಿಲ್ಲ. ಅದಕ್ಕೇ ಆ ಕಾಲುವೆ ಇಂದಿಗೂ ಅವರ ಹೊಲವನ್ನು ಬಳಸಿ ಸೊಟ್ಟಗೆ ಹರಿಯುತ್ತದೆ; ಕಣ್ಣಿದ್ದವರು ಹೋಗಿ ನೋಡಬಹುದು.

ಕಲ್ಲು ನೆಟ್ಟ ದಿನ ನನ್ನ ಅತ್ತೆ ಅದನ್ನು ಓದಿ, ಸೀದಾ ಮನೆಗೆ ಬಂದು ರೊಟ್ಟಿ ಬಡಿಯಲು ಕುಳಿತರು. ಆಮೇಲೆ ಆ ರಸ್ತೆಗೆ ಕಾಲಿಡಲಿಲ್ಲ. ಬಸ್ಸಿಗೂ ಹೊಲದ ಹಾದಿ ಹಿಡಿದೇ ಹೋಗುತ್ತಿದ್ದರು. ನಾನು ಪಂಚಾಯಿತಿಗೆ ಹೋಗಿ ಕೇಳಿದರೆ, ‘ಹೋಗ್ಲಿ ಬಿಡ್ರಿ ಅಕ್ಕಾರ, ಕಲ್ಲ ಓದಿ ಯಾರರ ನೀರ ಕುಡೀತಾರೇನ್ರಿ?’ ಎಂದು ಅಲ್ಲಿದ್ದವರು ನಕ್ಕರು. ನಾನು ನಗಲಿಲ್ಲ. ಮಳೆಗಾಗಿ ಕಾದೆ.

ನಮ್ಮಲ್ಲಿ ಕೆರೆ ತುಂಬಿದಾಗ ಹೆಂಗಸರು ಗಂಗವ್ವನಿಗೆ ಉಡಿ ತುಂಬುತ್ತಾರೆ: ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕುಂಕುಮ. ಮೊದಲ ಉಡಿ ಕೆರೆ ಕೊಟ್ಟ ಮನೆಯದು. ಅದಕ್ಕೂ ಮುಂಚೆ ಯಾರೂ ನೀರಿಗೆ ಒಂದು ಕಾಳು ಅಕ್ಕಿ ಹಾಕುವುದಿಲ್ಲ. ಕರೆಯಲು ವಾಡೆಯ ಹೆಂಗಸೇ ಬಂದು, ಹೊಸ್ತಿಲಾಚೆ ನಿಂತು, ಯಾವ ಮನೆಯನ್ನು ಕರೆಯುತ್ತಿದ್ದೇನೆಂದು ಬಾಯಿಬಿಟ್ಟು ಹೇಳಬೇಕು. ಕಲ್ಲು ಕೊರೆಸುವ ಭರದಲ್ಲಿ ವಾಡೆಯ ಗಂಡಸರಿಗೆ ಇದು ನೆನಪೇ ಆಗಿರಲಿಲ್ಲ. ಹೆಂಗಸರ ಶಾಸ್ತ್ರವಲ್ಲವೇ.

ಹೋದ ವರ್ಷ ಕೆರೆ ತುಂಬಿತು. ವಾಡೆಯ ಯಜಮಾನರು ಕಲ್ಲಿಗೆ ಮಾಲೆ ಹಾಕಿಸಿ, ಫೋಟೋದವನನ್ನು ಕರೆಸಿ, ತಮ್ಮ ಹೆಂಡತಿಯಿಂದಲೇ ಮೊದಲ ಉಡಿ ತುಂಬಿಸಲು ಹೊರಟರು. ಊರ ಹೆಂಗಸರು ತಾಟು ಹಿಡಿದು ದಂಡೆಯ ಮೇಲೆ ಕುಳಿತವರು ಏಳಲೇ ಇಲ್ಲವೆಂದು ನೆರೆಮನೆಯವಳು ಆಮೇಲೆ ಹೇಳಿದಳು. ‘ಕೆರಿ ಕೊಟ್ಟ ಮನಿಯವ್ರು ಬರ್ಲಿ. ಗಂಗವ್ವ ಸಿಟ್ಟಾದ್ರ ನೀರ ನೀವ್ ಕೊಡ್ತೀರೇನ್ರಿ?’ ಎಂದು ಒಬ್ಬ ಮುದುಕಿ ಯಜಮಾನರನ್ನೇ ಕೇಳಿದಳಂತೆ.

ನಾವು ಮನೆಯಲ್ಲೇ ಇದ್ದೆವು. ಅತ್ತೆ ಇಳಕಲ್ ಸೀರೆ ಉಟ್ಟು ಚಡಪಡಿಸುತ್ತಿದ್ದರು.

‘ಹೋಗೂಣು ನಡಿಯವಾ. ನೀರಿನ ಮ್ಯಾಲ ಸಿಟ್ಟ್ಯಾಕ?’

‘ಬಂದ ಕರೀಲಿ ತಡೀರಿ ಅತ್ತಿ’ ಎಂದು ನಾನು ಚಹಾಕ್ಕೆ ಇಟ್ಟೆ.

ಕೊನೆಗೆ ಯಜಮಾನರ ಹೆಂಡತಿ ಬಂದಳು. ಜರಿಸೀರೆಯ ಅಂಚಿಗೆಲ್ಲ ಎರೆಮಣ್ಣು. ಕುಂಕುಮದ ಬಟ್ಟಲು ಹಿಡಿದು, ನೆಲ ನೋಡುತ್ತ ಏನೋ ಗೊಣಗಿದಳು.

‘ಕೇಳಸಲಿಲ್ರಿ ಅಕ್ಕಾರ’ ಎಂದೆ.

‘ಕೆರಿ ಕೊಟ್ಟ ಮನಿಯವ್ರು ಉಡಿ ತುಂಬಾಕ ಬರ್ರಿ.’

‘ನಮ್ಮ ಅತ್ತಿಗೆ ಕಿವಿ ಸ್ವಲ್ಪ ಮಂದ ರೀ. ಇನ್ನೊಮ್ಮೆ ಹೇಳ್ರಿ.’

ಅತ್ತೆಯ ಕಿವಿ ಅಗದಿ ಚಲೋ ಇದೆ. ಅಷ್ಟರಲ್ಲಿ ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅವಳು ಕೂಗಿ ಹೇಳಿದಳು. ಹೋಳಿಗೆ ಊಟ ಉಂಡಷ್ಟು ತೃಪ್ತಿಯಾಯಿತು ನನಗೆ.

ಅಂದು ಅತ್ತೆ ಕಲ್ಲಿನ ಮುಂದೆಯೇ ಹಾದು ಕೆರೆಗೆ ನಡೆದರು. ಅದರ ಕಡೆ ತಿರುಗಿಯೂ ನೋಡಲಿಲ್ಲ. ಕಲ್ಲು ಇನ್ನೂ ಅಲ್ಲೇ ಇದೆ. ತೆಗೆಸಿರೆಂದು ನಾನೀಗ ಯಾರನ್ನೂ ಕೇಳುವುದಿಲ್ಲ. ಈ ಸಲವೂ ಕೆರೆ ತುಂಬಲೆಂದು ದೇವರಿಗೆ ದೀಪ ಹಚ್ಚಿದ್ದೇನೆ. ನೀರು ಬೇಕು, ನಿಜ. ಆದರೆ ಅವಳು ಮತ್ತೆ ನಮ್ಮ ಹೊಸ್ತಿಲಿಗೆ ಬರಬೇಕಲ್ಲ.