ನೀರುಗಂಟಿ ಓದಿದ ನಕ್ಷೆ

ಕಂಪ್ಯೂಟರಿಗೆ ನೀರು ಹಾಯಿಸುತ್ತೇವೆ ಅಂತ ನಾನು ಮನೆಯಲ್ಲಿ ಹೇಳಿದ ದಿನ ನಮ್ಮವ್ವ ದೇವಿರಮ್ಮ ಎದೆ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ನಿನ್ ಬಾಯ್ಗೆ ಮಣ್ ಆಕ, ಕರೆಂಟ್ಗೂ ನೀರ್ಗೂ ನಂಟಸ್ತನ ಮಾಡ್ತೀಯೇನೆ? ಸತ್ಗಿತ್ತೋದೀಯ!" ಅಂದಳು. ಅಪ್ಪ ಬೀಡಿ ಆರಿಸಿ ಒಂದೇ ಒಂದು ಮಾತು ಕೇಳಿದ. "ನೀರು ಎಲ್ಲಿಂದ ಬತ್ತದೆ, ಎಲ್ಲಿಗೋಯ್ತದೆ?"

ಅಪ್ಪನ ಹೆಸರು ದೊಡ್ಡಸಿದ್ದಯ್ಯ. ಬೆಸಗರಹಳ್ಳಿ ಕಡೆಯ ನಮ್ಮೂರ ಕೆರೆಗೆ ಅವನು ನೀರುಗಂಟಿಯಾಗಿದ್ದ. ಅಂದರೆ ಕೆರೆಯ ತೂಬು ಎತ್ತಿ ಕಾಲುವೆಗೆ ನೀರು ಬಿಟ್ಟು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ತೀರ್ಮಾನಿಸುವವನು. ಗದ್ದೆಗಳು ಹೆಚ್ಚುಕಮ್ಮಿ ಎಲ್ಲವೂ ಗೌಡರವು, ನೀರು ತಿರುಗಿಸುವ ಸನಿಕೆ ಮಾತ್ರ ನಮ್ಮ ಕೇರಿಯವರದು. ಚೆಂದ ನೋಡಿ, ಊರಿನ ಭತ್ತಕ್ಕೆಲ್ಲ ಇವನೇ ನೀರು ಕುಡಿಸಬೇಕು, ತನಗೆ ಬಾಯಾರಿದರೆ ಯಾರಾದರೂ ಮೇಲಿನಿಂದ ಹುಯ್ಯಲಿ ಅಂತ ಬೊಗಸೆ ಹಿಡಿದು ನಿಲ್ಲಬೇಕು. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅಪ್ಪನಿಗೆ ಉರಿಯುತ್ತಿತ್ತೋ ಇಲ್ಲವೋ, ಅವನು ಬಾಯಿ ಬಿಟ್ಟವನಲ್ಲ.

ಕೆರೆಯಲ್ಲಿ ನೀರು ಕಮ್ಮಿಯಾದ ವರ್ಷ ಅವನದು ಒಂದೇ ಕಾನೂನು, ಕಾಲುವೆಯ ತುದಿಯಲ್ಲಿರುವ ಕಡೆಗದ್ದೆಗೆ ಮೊದಲು. "ತಲೆಗದ್ದೆಯೋನು ಕದ್ದಾದ್ರೂ ಕುಡಿಸ್ಕತ್ತಾನೆ. ಕಡೆಗದ್ದೆಯೋನ್ಗೆ ಯಾರವ್ವ ಗತಿ?" ಅನ್ನುತ್ತಿದ್ದ. ಗೌಡರೂ ಗೊಣಗಿಕೊಂಡು ಒಪ್ಪುತ್ತಿದ್ದರು. ನಮ್ಮದೂ ಒಂದು ತುಂಡು ಗದ್ದೆ ಇತ್ತು, ನೀರುಗಂಟಿ ಕೆಲಸಕ್ಕೆ ಅಂತ ಹಿಂದಿನವರ ಕಾಲದಲ್ಲಿ ಬಿಟ್ಟುಕೊಟ್ಟದ್ದು. ಅದು ಇದ್ದದ್ದು ಎಲ್ಲಕ್ಕಿಂತ ಕಟ್ಟಕಡೆಗೆ. ಅಪ್ಪನ ಕಾನೂನಿನ ಪ್ರಕಾರವೇ ಅದಕ್ಕೆ ಮೊದಲು ನೀರು ಹೋಗಬೇಕಿತ್ತು. ಇಲ್ಲ, ಬೇರೆ ಎಲ್ಲರದೂ ಆದ ಮೇಲೆ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಪೈರು ಕಣ್ಣೆದುರಿಗೇ ಕೆಂಪಗಾಗುತ್ತಿತ್ತು. "ಊರ್ಗೆಲ್ಲ ನೀರ್ ಬುಟ್ಟು ನನ್ ಮಕ್ಳ ಅನ್ನ ಒಣಗಿಸ್ದ ಪುಣ್ಯಾತ್ಮ" ಅಂತ ಅವ್ವ ಬೀದಿಗೆ ಕೇಳುವ ಹಾಗೆ ಬೈಯುತ್ತಿದ್ದಳು. ಊರವರು ಮಾತ್ರ ಸಿದ್ದನಂಥ ನ್ಯಾಯವಂತ ಇಲ್ಲ ಅಂತ ಹೊಗಳಿದ್ದೇ ಹೊಗಳಿದ್ದು. ಹೊಗಳಿಕೆಯನ್ನು ಬೇಯಿಸಿ ತಿನ್ನೋಕಾಗುತ್ತಾ?

ಈಗ ಆ ಕೆಲಸವೇ ಇಲ್ಲ. ಎಲ್ಲರೂ ಬೋರು ಕೊರೆಸಿಕೊಂಡಿದ್ದಾರೆ, ತೂಬು ತುಕ್ಕು ಹಿಡಿದಿದೆ.

ನಾನು ಅರುಂಧತಿ, ಸಿವಿಲ್ ಓದಿದವಳು. ನಮ್ಮೂರ ದೊಡ್ಡಮನೆ ಗೌಡರ ಮೊಮ್ಮಗ ಜಯಪ್ರಕಾಶ ಮಂಡ್ಯದ ಕಾಲೇಜಿನಲ್ಲಿ ನನ್ನ ಕ್ಲಾಸ್‌ಮೇಟು. ಇಬ್ಬರೂ ಸರಿಸಮ ಪಾಲು ಹಾಕಿ ಮದ್ದೂರಿನಲ್ಲಿ ಒಂದು ಆಫೀಸು ತೆರೆದಿದ್ದೇವೆ. ಮನೆ ಕಟ್ಟುವವರಿಗೆ ಪ್ಲಾನು, ಎಲಿವೇಶನ್ ಮಾಡಿಕೊಡುತ್ತೇವೆ. ಮನೆ ಮುಗಿದ ಮೇಲೆ ಹೇಗೆ ಕಾಣುತ್ತದೆ ಅಂತ ಬಿಸಿಲು ನೆರಳಿನ ಸಮೇತ ಚಿತ್ರ ತೆಗೆಯಬೇಕಾದರೆ ಕಂಪ್ಯೂಟರು ಗಂಟೆಗಟ್ಟಲೆ ದುಡಿಯಬೇಕು. ಆಫೀಸು ಮಹಡಿ ಮೇಲಿನ ಶೀಟಿನ ಕೋಣೆ. ಬೇಸಿಗೆ ಬಂತೆಂದರೆ ಕಂಪ್ಯೂಟರಿನ ಫ್ಯಾನುಗಳು ಕೋಣೆಯ ಬಿಸಿಗಾಳಿಯನ್ನೇ ಎಳೆದು ಬಿಸಿಗಾಳಿಯನ್ನೇ ಉಗುಳುತ್ತವೆ. ಕೊನೆಗೆ ಕಂಪ್ಯೂಟರುಗಳು ತಾಳಲಾರದೆ ನಡುವೆಯೇ ಆಫ್ ಆಗುತ್ತವೆ, ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಅದಕ್ಕೇ ನೀರಿನ ಯೋಚನೆ. ಕಂಪ್ಯೂಟರಿನೊಳಗೆ ತುಂಬ ಕಾಯುವ ಭಾಗಗಳ ಮೇಲೆ ತಾಮ್ರದ ಒಂದು ಬಿಲ್ಲೆ ಕೂರಿಸಿ, ಅದರೊಳಗೆ ನೀರು ಹರಿಸುವುದು. ನೀರು ಬಿಸಿಯನ್ನು ಹೊತ್ತುಕೊಂಡು ಕಿಟಕಿಯಾಚೆ ಹೊಂಗೆಮರದ ನೆರಳಲ್ಲಿಟ್ಟ ರೇಡಿಯೇಟರಿಗೆ ಹೋಗಿ, ತಣ್ಣಗಾಗಿ ಟ್ಯಾಂಕಿಗೆ ಮರಳುವುದು. ಎರಡು ಕಂಪ್ಯೂಟರಿಗೂ ಸೇರಿ ಒಂದೇ ಟ್ಯಾಂಕು, ಒಂದೇ ಪಂಪು. ಹಳೇ ಕಾರಿನ ರೇಡಿಯೇಟರು ಸಾಕು ಅಂತ ಜಯಪ್ರಕಾಶ ಹೊರಟಿದ್ದ. ಅದು ಅಲ್ಯೂಮಿನಿಯಂ, ತಾಮ್ರದ ಜೊತೆ ಒಂದೇ ನೀರಿನಲ್ಲಿ ಇಟ್ಟರೆ ಸವೆದು ಹೋಗುತ್ತದೆ ಅಂತ ನಾನು ತಡೆದೆ. ನಮ್ಮ ಬೋರಿನ ನೀರು ಹಾಕಿದರೆ ಉಪ್ಪು ಕಟ್ಟುತ್ತದೆ, ಬ್ಯಾಟರಿಗೆ ಹಾಕುವ ನೀರೇ ಆಗಬೇಕು ಅಂತ ಅವನು ತಡೆದ. ಹೀಗೆ ಜಗಳವಾಡುತ್ತ ಯೋಜನೆ ಚೆನ್ನಾಗಿಯೇ ಸಾಗಿತ್ತು. ನಕ್ಷೆಯನ್ನು ಅವನೇ ಗೋಡೆಯ ಬಿಳಿ ಬೋರ್ಡಿನ ಮೇಲೆ ಬರೆದ.

ಅಪ್ಪ ಮಂಡಿನೋವಿನ ಔಷಧಿಗೆ ಅಂತ ಮದ್ದೂರಿಗೆ ಬಂದವನು ಬಸ್ಸಿನ ಹೊತ್ತಿನವರೆಗೆ ಆಫೀಸಿನಲ್ಲಿ ಕೂತ. ಜಯಪ್ರಕಾಶ ಕುರ್ಚಿ ಎಳೆದುಕೊಟ್ಟ. ಅಪ್ಪನನ್ನು ಅವನು ಯಾವ ಹೆಸರಿನಿಂದಲೂ ಕರೆಯುವುದಿಲ್ಲ. ಅವನ ತಾತ "ಲೇ ಸಿದ್ದ" ಅನ್ನುತ್ತಿದ್ದರು. ಹಾಗನ್ನಲು ಇವನಿಗೆ ನಾಚಿಕೆ, ಬೇರೆ ಏನೆನ್ನಬೇಕೋ ತಿಳಿಯದು. ಅಪ್ಪನೋ ಅವನನ್ನು "ಸಣ್ಗೌಡ್ರೆ" ಅನ್ನುವುದು ಬಿಡುವುದಿಲ್ಲ. ನಾನು ಎಷ್ಟು ಸಲ ಗದರಿಸಿದರೂ ಅಷ್ಟೇ.

ಅಪ್ಪ ಬೋರ್ಡನ್ನೇ ನೋಡುತ್ತಿದ್ದ. ಆಮೇಲೆ ಎದ್ದು ಹೋಗಿ ಟ್ಯಾಂಕಿನಿಂದ ಶುರುಮಾಡಿ ಒಂದೊಂದರ ಮೇಲೂ ಬೆರಳಿಟ್ಟ. "ಇದು ಕೆರೆ. ಇದು ತೂಬು. ಇದು ಯಾರ್ದು?"

"ತೂಬಲ್ಲ, ಪಂಪು ಕಣಪ್ಪ. ಆಮೇಲಿನ್ದು ಜಯಪ್ರಕಾಸಂದು."

"ಅವ್ರದಾದ್ ಮ್ಯಾಲೆ?"

"ನಂದು."

ಅಪ್ಪ ಬೆರಳು ತೆಗೆದು ಬಂದು ಕೂತ. ಬಸ್‌ಸ್ಟ್ಯಾಂಡಿನಲ್ಲಿ ನಾವಿಬ್ಬರೇ ಇದ್ದಾಗ ಅಂದ, "ಇಲ್ಲೂ ನಮ್ದು ಕಡೆಗದ್ದೆನೇ ಆಯ್ತಲ್ಲವ್ವ."

ನಾನು ನಕ್ಕುಬಿಟ್ಟೆ. "ಇದು ಸುತ್ತಿ ಸುತ್ತಿ ಬರೋ ನೀರು ಕಣಪ್ಪ, ಖಾಲಿಯಾಗಲ್ಲ. ಎರಡನೇದಕ್ಕೆ ಒಂದೆರಡು ಡಿಗ್ರಿ ಬಿಸಿ ಜಾಸ್ತಿ ಅಷ್ಟೆ. ಏನೂ ವ್ಯತ್ಯಾಸ ಇಲ್ಲ" ಅಂದೆ.

"ಇಲ್ದಿದ್ರೆ ಸರಿ ಬುಡು" ಅಂದು ಅಪ್ಪ ಬಸ್ಸು ಹತ್ತಿದ. ಹತ್ತಿದವನು ನೆಮ್ಮದಿಯಾಗಿ ಹೋದ, ನೆಮ್ಮದಿ ಕೆಟ್ಟದ್ದು ನನಗೆ.

ಮಾರನೇ ದಿನ ಜಯಪ್ರಕಾಶನಿಗೆ, ಅದಲುಬದಲು ಮಾಡೋಣ, ನಂದು ಮೊದಲು ಇರಲಿ ಅಂದೆ.

"ಏನ್ ವ್ಯತ್ಯಾಸ ಆಗುತ್ತೆ ಮಾರಾಯ್ತಿ?"

"ಏನೂ ಇಲ್ಲ. ಅದಕ್ಕೇ ನಂದು ಇರಲಿ."

ಅವನು ತಲೆ ಕೆರೆದುಕೊಂಡ. "ಟ್ಯಾಂಕು ಇರೋದು ನನ್ ಟೇಬಲ್ ಪಕ್ಕ. ಪೈಪು ಉದ್ದ ಆಗುತ್ತೆ."

"ಹೋಗೋ ಪೈಪು, ಬರೋ ಪೈಪು ಎರಡೂ ನಿನ್ನ ಟೇಬಲ್ ದಾಟೇ ತಿರುಗಬೇಕು. ಒಂದು ಗೇಣೂ ಜಾಸ್ತಿ ಬೇಡ. ಬೇರೆ ಕಾರಣ ಹೇಳು."

ಅವನು ಒಪ್ಪಲಿಲ್ಲ. ಸುಮ್ಮನೆ ಮುಖ ಕೆಂಪು ಮಾಡಿಕೊಂಡು, ಎಲ್ಲದರಲ್ಲೂ ಅದನ್ನೇ ಹುಡುಕುತ್ತೀಯ ಅಂದ. ಅದು ಅಂದರೆ ಯಾವುದು ಅಂತ ಹೇಳು ನೋಡೋಣ ಅಂದೆ. ತನ್ನ ಕಂಪ್ಯೂಟರಿನ ಕಡೆ ತಿರುಗಿ ಕೂತ. ಅವನು ಕೆಟ್ಟವನಲ್ಲ. ಬರೆಯುವಾಗ ಯೋಚಿಸಿ ಬರೆದವನೂ ಅಲ್ಲ, ಕೈ ತಾನಾಗಿ ತನ್ನದನ್ನು ಮೊದಲು ಬರೆದಿತ್ತು. ನನಗೆ ಸಿಟ್ಟು ಬಂದದ್ದೇ ಅದಕ್ಕೆ.

ತರಿಸಿದ ಸಾಮಾನು ಡಬ್ಬದಲ್ಲೇ ಉಳಿಯಿತು, ನಮ್ಮ ಮಾತು ಕೆಲಸಕ್ಕಷ್ಟೇ ಉಳಿಯಿತು. ಮಳವಳ್ಳಿಯ ಡಾಕ್ಟರೊಬ್ಬರ ಮನೆಯ ಚಿತ್ರ ಮುಗಿಯುವ ಹೊತ್ತಿಗೆ ಕಂಪ್ಯೂಟರು ಮತ್ತೆ ಆಫ್ ಆಯಿತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದರು ಡಾಕ್ಟರು. ಆವತ್ತು ಜಯಪ್ರಕಾಶನೇ ಬಾಯಿ ಬಿಟ್ಟ.

"ನಿಮ್ಮಪ್ಪನ್ನೇ ಕೇಳೋಣ ಕಣೆ. ಅವರು ಹೆಂಗಂದ್ರೆ ಹಂಗೆ. ನಾನು ತುಟಿ ಬಿಚ್ಚಲ್ಲ."

ಅಪ್ಪನ ತೀರ್ಪು ಏನಿರುತ್ತದೆ ಅಂತ ಊರಿಗೆಲ್ಲ ಗೊತ್ತು, ಇವನಿಗೂ ಗೊತ್ತು. ಬೇಡ ಅಂದರೆ ಹೆತ್ತಪ್ಪನನ್ನೇ ನಂಬದ ಹಾಗಾಗುತ್ತದೆ. ಹೂಂ ಅಂದರೆ ಅಪ್ಪ ತನ್ನ ಕೈಯಾರೆ ನನ್ನನ್ನು ಕಡೆಗೆ ನಿಲ್ಲಿಸುತ್ತಾನೆ. ಆಮೇಲೆ ಈ ಆಫೀಸಿನಲ್ಲಿ ನಾನು ಯಾವುದಕ್ಕೂ ಸರಿಸಮ ಅನ್ನುವ ಮಾತೆತ್ತುವ ಹಾಗಿಲ್ಲ. ಆದರೂ ಹೂಂ ಅಂದೆ.

ಅಪ್ಪ ಬಂದ. ನಡೆದದ್ದನ್ನು ಜಯಪ್ರಕಾಶನೇ ಮುಚ್ಚುಮರೆಯಿಲ್ಲದೆ ಹೇಳಿದ, ಅದನ್ನು ಮೆಚ್ಚಬೇಕು. ಅಪ್ಪ ಬೋರ್ಡಿನ ಮುಂದೆ ನಿಂತು ಪೈಪಿನ ಗೆರೆಯ ಮೇಲೆ ಒಂದು ಸುತ್ತು ಬೆರಳಾಡಿಸಿದ. ಪಂಪಿನ ಹತ್ತಿರ ನಿಲ್ಲಿಸಿದ.

"ನಿಜ್ವಾಗ್ಲೂ ಇಬ್ರಿಗೂ ನಷ್ಟ ಇಲ್ವಾ?"

"ಇಲ್ಲ" ಅಂದೆವು ಇಬ್ಬರೂ.

"ಅಂಗಾದ್ರೆ ನನ್ ಮಗಳ್ದು ಮೊದ್ಲು."

ನನಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಜಯಪ್ರಕಾಶನಿಗೂ ಅಷ್ಟೇ. "ನಮ್ ತಾತ ಹೇಳೋರು" ಅಂದ ಮೆತ್ತಗೆ, "ನೀವು ಸತ್ರೂ ನಿಮ್ಮೋರಿಗೆ ಮೊದ್ಲು ನೀರು ಬಿಡಲ್ಲ, ಅಂಥ ನ್ಯಾಯವಂತರು ಅಂತ."

"ಊಂ, ಅಂದವ್ರೆ. ಊರೆಲ್ಲ ಅಂದದೆ." ಅಪ್ಪ ಅವನ ಕಡೆ ತಿರುಗಿದ. "ನ್ಯಾಯಕ್ಕಲ್ಲ ಕಣಪ್ಪ ನಾನು ಬುಡ್ದೆ ಇದ್ದುದ್ದು. ನಿಮ್ ತಾತನ್ ಭಯಕ್ಕೆ."

ಜಯಪ್ರಕಾಶ ಬೋರ್ಡಿನ ಹತ್ತಿರ ಹೋಗಿ ಎರಡೂ ಹೆಸರನ್ನು ಅಂಗೈಯಲ್ಲೇ ಒರೆಸಿ, ಪಂಪಿನ ಪಕ್ಕದಲ್ಲಿ ನನ್ನದನ್ನು ಬರೆದ. ಅವನ ತಾತ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಅಷ್ಟಾದರೂ ಅಪ್ಪ ಬಾಗಿಲ ತನಕ ಹೋಗಿ, ಮೆಟ್ಟಿಲ ಮೇಲೆ ಯಾರಾದರೂ ಇದ್ದಾರಾ ಅಂತ ಬಗ್ಗಿ ನೋಡಿದ.