ಆಫ್ ಸಾಹೇಬನ ಇಂಗ್ಲಿಷು

ತಂಗಿಯ ಗಂಡನಿಗೆ ಲಾಂಡ್ರಿಯಲ್ಲಿ ಕೆಲಸ ಕೊಡಿಸಿದ್ದು ತಾನೇ ಎಂಬುದು ನೆನಪಾದಾಗಲೆಲ್ಲ ದೊಡ್ಡಕ್ಕನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಊರಿನ ಆಸ್ಪತ್ರೆಗಳ, ಲಾಡ್ಜುಗಳ ಬೆಡ್‌ಶೀಟುಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಅಲ್ಲಿ ಅವಳದು ಇಪ್ಪತ್ತೆರಡು ವರ್ಷದ ದುಡಿಮೆ. ಗೋಡೆಯುದ್ದಕ್ಕೂ ಮಲಗಿದ ಇಸ್ತ್ರಿ ಯಂತ್ರದ ಮುಂದೆ ನಿಂತು, ಒದ್ದೆ ಬೆಡ್‌ಶೀಟಿನ ಒಂದು ತುದಿ ತಾನು ಹಿಡಿದು, ಇನ್ನೊಂದನ್ನು ಜೊತೆಗಾತಿಗೆ ಕೊಟ್ಟು, ಕೊಡವಿ, ಕಾದ ರೋಲರುಗಳ ನಡುವೆ ತೂರಿಸಬೇಕು. ಆಚೆ ಕಡೆ ಅದು ಹಪ್ಪಳದಂತೆ ಗರಿಗರಿಯಾಗಿ ಬೀಳುತ್ತಿತ್ತು. ವಯಸ್ಸಿನಲ್ಲಿ ತನಗಿಂತ ಹಿರಿಯರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು.

ತಂಗಿಯ ಗಂಡ ಬಂದ ಹೊಸದರಲ್ಲಿ ಕೊಳೆಬಟ್ಟೆಯ ಗಂಟು ಹೊರುತ್ತಿದ್ದ. "ಅತ್ತಿಗೆ, ಅತ್ತಿಗೆ" ಎಂದು ಅವಳ ಹಿಂದೆ ಮುಂದೆ ಸುತ್ತುತ್ತಿದ್ದ. ಮೂರು ವರ್ಷದಲ್ಲಿ ಸೂಪರ್‌ವೈಸರ್ ಆದ. ಕೆಲಸ ಕಲಿತು ಆದದ್ದಲ್ಲ. ಮ್ಯಾನೇಜರ್ ಎದುರು ನಿಂತು ನಾಲ್ಕು ಇಂಗ್ಲಿಷ್ ಮಾತು ಉದುರಿಸುವ ಧೈರ್ಯ ಅವನೊಬ್ಬನಿಗಿತ್ತು, ಅಷ್ಟೇ. ಅಂದಿನಿಂದ "ಅತ್ತಿಗೆ" ಹೋಗಿ "ಏನಮ್ಮಾ" ಬಂತು. ಅಲ್ಪನಿಗೆ ಐಶ್ವರ್ಯ ಬಂದ ಗಾದೆಯನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಕೊಡೆ ಹಿಡಿದವನನ್ನು ಕಣ್ಣಾರೆ ಕಂಡದ್ದು ಆಗಲೇ.

ಆ ನಾಲ್ಕು ಮಾತಿನಲ್ಲೂ ಅವನಿಗೆ ಪ್ರಾಣಪ್ರಿಯವಾದದ್ದು ಒಂದೇ: ಆಫ್. ಬೇಸರವಾದರೆ "ಮೂಡ್ ಆಫ್". ಯಾರಿಗಾದರೂ ರಜೆ ಕೊಟ್ಟರೆ "ಹೋಗು, ನಿಂಗೆ ನಾಳೆ ಆಫ್". ಯಾರ ಮೇಲಾದರೂ ಸಿಟ್ಟು ಬಂದರೆ "ನಿನ್ನ ಹೆಸರನ್ನೇ ಲಿಸ್ಟಿಂದ ಆಫ್ ಮಾಡ್ತೀನಿ". ಚಹಾದವನಿಗೆ ಅರ್ಧ ಲೋಟ ಹೇಳುವಾಗಲೂ "ನಂಗೆ ಆಫ್ ಕೊಡು". ಅದು ಆಫ್ ಅಲ್ಲ, ಹಾಫ್ ಎಂದು ಮ್ಯಾನೇಜರ್ ಒಮ್ಮೆ ತಿದ್ದಿದರು. ಹಕಾರ ಅವನ ನಾಲಿಗೆಗೆ ದಕ್ಕಲಿಲ್ಲ. ಪಕ್ಕದ ಮನೆಯ ಅಜ್ಜ ತೀರಿಕೊಂಡ ದಿನ, ಬಿಕ್ಕುತ್ತಾ ಓಡಿಬಂದ ಅಜ್ಜನ ಮಗಳನ್ನು ಬಾಗಿಲಲ್ಲೇ ನಿಲ್ಲಿಸಿ, "ಬೆಳಿಗ್ಗೆ ಆರಕ್ಕೇ ಆಫ್ ಆದ್ರಮ್ಮಾ" ಎಂದಿದ್ದ, ಬೀದಿದೀಪದ ಸುದ್ದಿ ಹೇಳುವ ಹಾಗೆ. ಅವತ್ತಿನಿಂದ ದೊಡ್ಡಕ್ಕ ಅವನಿಗೆ ಆಫ್ ಸಾಹೇಬ ಎಂದು ಹೆಸರಿಟ್ಟಳು. ವಾರದೊಳಗೆ ಲಾಂಡ್ರಿಯೆಲ್ಲ ಹಾಗೇ ಕರೆಯತೊಡಗಿತು. ಅವನ ಕಿವಿಗೂ ಬಿತ್ತು. ಹೊಗಳಿಕೆ ಎಂದುಕೊಂಡು ಉಬ್ಬಿದ.

ಇಸ್ತ್ರಿ ಯಂತ್ರವನ್ನು ನಿಲ್ಲಿಸುವ ಕೆಂಪು ಗುಂಡಿ ಕೆಟ್ಟು ತಿಂಗಳುಗಳಾಗಿದ್ದವು. ಅವಳು ಹೇಳಿದಾಗಲೆಲ್ಲ "ನೋಡೋಣಮ್ಮಾ, ಅವಸರ ಏನು" ಎನ್ನುತ್ತಿದ್ದ. ಯಂತ್ರ ನಿಲ್ಲಬೇಕೆಂದರೆ ಗೋಡೆಯಾಚೆಗಿನ ಸ್ವಿಚ್ ಕೋಣೆಯಲ್ಲಿ ಯಾರಾದರೂ ಮೇನ್ ಎಳೆಯಬೇಕು. ಗೋಡೆಯಲ್ಲೊಂದು ಸಣ್ಣ ಕಿಂಡಿ. ಅದರಲ್ಲಿ ಕೂಗುವುದು, ಉತ್ತರ ಬಂದ ಮೇಲೆ ಕೈ ಹಾಕುವುದು. ಇದೇ ಪದ್ಧತಿಯಾಗಿತ್ತು.

ಆ ದಿನ ಎರಡು ಗಂಟೆಗೆ ಅವಳ ಶಿಫ್ಟ್ ಮುಗಿಯಿತು. ಏಪ್ರನ್ ಬಿಚ್ಚುತ್ತಿದ್ದವಳನ್ನು ಆಫ್ ಸಾಹೇಬ ತಡೆದ. "ಏನಮ್ಮಾ, ಆಸ್ಪತ್ರೆ ಗಾಡಿ ಕಾಯ್ತಿದೆ. ಇದೊಂದು ಲೋಡ್ ಮುಗಿಸಿ ಹೋಗು." ಅವಳು ಬೈದುಕೊಂಡೇ ಮತ್ತೆ ಏಪ್ರನ್ ಕಟ್ಟಿದಳು. ಹತ್ತು ನಿಮಿಷವಾಗಿರಬಹುದು, ಒಂದು ಬೆಡ್‌ಶೀಟ್ ರೋಲರಿಗೆ ಸುತ್ತಿಕೊಂಡು ಯಂತ್ರ ಗಕ್ಕನೆ ನಿಂತಿತು. ನಿಂತದ್ದು ರೋಲರ್ ಮಾತ್ರ, ಒಳಗೆ ಮೋಟರಿಗೆ ಕರೆಂಟ್ ಬರುತ್ತಲೇ ಇತ್ತು. ಅವಳು ಕಿಂಡಿಯ ಹತ್ತಿರ ಹೋಗಿ ಕೂಗಿದಳು:

"ಆಫಾ?"

"ಆಫ್, ಆಫ್!" ಒಳಗಿಂದ ಅವನದೇ ದನಿ.

ಒಗೆಯುವ ಯಂತ್ರಗಳ ಗದ್ದಲದಲ್ಲಿ ಮೋಟರ್ ನಿಂತಿತೋ ಇಲ್ಲವೋ ಕೇಳಿಸುವಂತಿರಲಿಲ್ಲ. ಅವಳು ಕೈ ಹಾಕಿ ಬಟ್ಟೆ ಜಗ್ಗಿದಳು. ಬಟ್ಟೆ ಸಡಿಲವಾದದ್ದೇ ತಡ, ರೋಲರ್ ತಿರುಗಿತು. ಜೊತೆಗಾತಿ ಕಿರುಚುತ್ತಾ ಸ್ವಿಚ್ ಕೋಣೆಗೆ ಓಡಿ ತಾನೇ ಮೇನ್ ಎಳೆದಳು. ಅಷ್ಟರಲ್ಲಿ ದೊಡ್ಡಕ್ಕನ ಬಲಗೈಯ ಎರಡು ಬೆರಳು ಹೋಗಿದ್ದವು.

ಮೂರನೆಯ ದಿನ ಆಸ್ಪತ್ರೆಯಲ್ಲಿ ಪೂರ್ತಿ ಎಚ್ಚರವಾದಾಗ ಮೈಕೆಳಗಿದ್ದ ಬೆಡ್‌ಶೀಟಿನ ಮೂಲೆಯಲ್ಲಿ ತಮ್ಮದೇ ಲಾಂಡ್ರಿಯ ಮುದ್ರೆ ಕಾಣಿಸಿತು. ಅಂಚು ಸೊಟ್ಟಗಿತ್ತು, ನಡುವೆ ನೆರಿಗೆ ಬೇರೆ. ತಾನಿಲ್ಲದ ಎರಡೇ ದಿನಕ್ಕೆ ಈ ಗತಿ ಎಂದು ಆ ನೋವಿನಲ್ಲೂ ಮೂಗು ಮುರಿದಳು.

ನಾಲ್ಕನೆಯ ದಿನ ಜೊತೆಗಾತಿ ಬಂದು ತಲೆ ತಗ್ಗಿಸಿ ಕುಳಿತಳು. "ದೊಡ್ಡಕ್ಕಾ, ಅವನು ಸ್ವಿಚ್ ರೂಮಲ್ಲೇ ಫೋನ್ ಹಿಡ್ಕೊಂಡು ನಿಂತಿದ್ದ. ನಾನು ನೋಡ್ದೆ. ಆದ್ರೆ ಮ್ಯಾನೇಜರ್ ಕೇಳಿದಾಗ ನೋಡಿಲ್ಲ ಅಂದ್ಬಿಟ್ಟೆ. ನನ್ನ ಕೆಲಸ ಹೋದ್ರೆ ಮನೇಲಿ ಒಲೆ ಹತ್ತಲ್ಲ." ಮ್ಯಾನೇಜರಿಗೆ ಆಫ್ ಸಾಹೇಬ ಬರೆದುಕೊಟ್ಟದ್ದನ್ನೂ ಅವಳೇ ಹೇಳಿದಳು. ಆ ಹೊತ್ತಿಗೆ ತಾನು ಗೇಟಿನಲ್ಲಿ ಗಾಡಿ ನೋಡುತ್ತಿದ್ದೆ ಎಂದು ಬರೆದಿದ್ದ. ಕೆಲಸದವಳು ಎರಡು ಗಂಟೆಗೇ ಆಫ್ ಡ್ಯೂಟಿ. ಯಾರೂ ಹೇಳದೆ ತಾನಾಗಿಯೇ ಯಂತ್ರ ಮುಟ್ಟಿದ್ದಾಳೆ. ಹೀಗಿತ್ತು ವರದಿ. ಬೆರಳು ತಿಂದದ್ದು ಒಂದು ಆಫ್, ಪರಿಹಾರ ತಿನ್ನಲು ಹೊರಟದ್ದು ಇನ್ನೊಂದು ಆಫ್. ದೊಡ್ಡಕ್ಕನಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಸಹ್ಯವಾಯಿತು. ಕಚ್ಚುವ ಹಾವಿಗಾದರೂ ಒಂದು ಮರ್ಯಾದೆ ಇದೆ, ಇದು ಎರೆಹುಳ ಎಂದುಕೊಂಡಳು.

ಮರುದಿನ ತಂಗಿ ಬಂದಳು. ಬಂದವಳೇ ಕಾಲ ಬಳಿ ಕುಳಿತು ಅತ್ತಳು.

"ಅಕ್ಕಾ, ಹೋದ ಬೆರಳು ಬರುತ್ತಾ? ಇವರ ಕೆಲಸ ಹೋದ್ರೆ ನನ್ನ ಸಂಸಾರ ಬೀದಿಗೆ ಬರುತ್ತೆ. ವಿಚಾರಣೆಗೆ ಬರೋ ಇನ್‌ಸ್ಪೆಕ್ಟರ್ ಮುಂದೆ ಇವರ ಹೆಸರು ಹೇಳ್ಬೇಡ."

"ಅವನು ಕಳಿಸಿದ್ನಾ?"

ತಂಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ತಾನು ಬರೋಕೆ ಮುಖ ಇಲ್ಲ, ಹೆಂಡ್ತೀನ ಕಳಿಸ್ತಾನೆ. ಆಗ್ಲಿ, ಅಳ್ಬೇಡ. ನಾನಾಗಿ ಅವನ ಮೇಲೆ ಒಂದು ಮಾತೂ ಹೇಳಲ್ಲ. ಹೇಳೋದಿದ್ರೆ ಅವನೇ ಹೇಳ್ಲಿ."

ವಿಚಾರಣೆ ಮ್ಯಾನೇಜರ್ ಕೋಣೆಯಲ್ಲಿ ನಡೆಯಿತು. ಕಾರ್ಖಾನೆಗಳ ಇನ್‌ಸ್ಪೆಕ್ಟರಾಗಿ ಬಂದವರು ನರೆಗೂದಲಿನ ಹೆಂಗಸು; ಹೆಚ್ಚು ಮಾತಿಲ್ಲ, ಪೆನ್ನು ಮಾತ್ರ ನಿಲ್ಲದೆ ಓಡುತ್ತಿತ್ತು. ಆಫ್ ಸಾಹೇಬ ಹೊಸ ಶರಟು ತೊಟ್ಟು, ಗೇಟಿನ ಕಥೆ, ಆಫ್ ಡ್ಯೂಟಿಯ ಕಥೆ ಎರಡನ್ನೂ ಬಾಯಿಪಾಠ ಒಪ್ಪಿಸಿದ. ಮೇಡಂ ದೊಡ್ಡಕ್ಕನ ಕಡೆ ತಿರುಗಿದರು.

"ನೀವು ಹೇಳಿ. ಮೇನ್ ಆಫ್ ಆಗಿದೆ ಅಂತ ಯಾಕೆ ಅಂದ್ಕೊಂಡ್ರಿ?"

ದೊಡ್ಡಕ್ಕ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ ಅಂದಳು: "ಕಿಂಡೀಲಿ ಕೂಗಿದೆ ಮೇಡಂ. ಒಳಗಿಂದ ಯಾರೋ 'ಆಫ್, ಆಫ್' ಅಂದ್ರು. ನಾನು ಓದಿಲ್ಲ, ಇಂಗ್ಲಿಷ್ ಬರಲ್ಲ. ಆಫ್ ಅಂದ್ರೆ ಒಂದೇ ಅರ್ಥ, ಕರೆಂಟ್ ತೆಗೆದಿದೆ ಅಂತ ತಿಳ್ಕೊಂಡೆ. ಅಂದವರು ಯಾರೋ, ಅವರಿಗೂ ಅಷ್ಟೇ ಗೊತ್ತಿತ್ತೇನೋ ಪಾಪ."

ಪಾಪ ಎಂಬ ಮಾತು ಅವನಿಗೆ ನಾಟಿತು. ತನ್ನ ಇಂಗ್ಲಿಷಿಗೆ ಪಾಪ! ಅದೂ ಅಧಿಕಾರಿಯ ಎದುರು!

"ಅಯ್ಯೋ, ಅದು ಆ ಆಫ್ ಅಲ್ಲ ಮೇಡಂ," ಎಂದು ನಗುತ್ತಾ ಮುಂದೆ ಬಂದ. "ಇವರಿಗೆಲ್ಲ ಹೇಗೆ ಗೊತ್ತಾಗ್ಬೇಕು? ಒಂದು ವರ್ಡಿಗೆ ಹತ್ತು ಮೀನಿಂಗ್. ಸ್ವಿಚ್ ಆಫ್ ಬೇರೆ, ವೀಕ್ಲಿ ಆಫ್ ಬೇರೆ. ನನ್ನ ಫ್ರೆಂಡು ಫೋನಲ್ಲಿ ನಾಳೆ ನಿಂಗೆ ರಜಾನಾ ಅಂತ ಕೇಳ್ತಿದ್ದ. ಅದಕ್ಕೆ ನಾನು ಆಫ್, ಆಫ್ ಅಂದೆ. ಆ ಸೆನ್ಸು ಬೇರೆ."

ಮ್ಯಾನೇಜರ್ ಕಣ್ಣು ಮುಚ್ಚಿಕೊಂಡರು. ಮೇಡಂ ಪೆನ್ನು ಎತ್ತದೆಯೇ ಕೇಳಿದರು:

"ಎಲ್ಲಿ ನಿಂತು ಅಂದ್ರಿ?"

"ಸ್ವಿಚ್ ರೂಮ..." ಎಂದವನು ಅಲ್ಲಿಗೇ ಬಾಯಿ ಮುಚ್ಚಿದ. ಮುಖ ಒಗೆದು ಹಿಂಡಿದ ಬಟ್ಟೆಯಂತಾಯಿತು. ಕುಂಬಳಕಾಯಿ ಕಳ್ಳನಾದರೂ ಯಾರೋ ಕೂಗಿದ ಮೇಲೆ ಹೆಗಲು ಮುಟ್ಟಿಕೊಂಡಿದ್ದ. ಇವನು ಯಾರೂ ಕೂಗುವ ಮೊದಲೇ ಕುಂಬಳಕಾಯಿಯನ್ನು ಮೇಜಿನ ಮೇಲಿಟ್ಟು ಅದರ ವ್ಯಾಕರಣ ಬಿಡಿಸಿದ್ದ.

ಅದನ್ನು ಕಂಡು, ಸಾಕ್ಷಿಗೆಂದು ಬಾಗಿಲ ಬಳಿ ನಿಂತಿದ್ದ ಜೊತೆಗಾತಿಗೂ ಧೈರ್ಯ ಬಂತು. ನೋಡಿದ್ದನ್ನು ಹೇಳಿದಳು, ಎರಡು ಗಂಟೆಯ ಮೇಲೆ ಕೆಲಸಕ್ಕೆ ನಿಲ್ಲಿಸಿದ್ದು ಯಾರೆಂಬುದನ್ನೂ ಹೇಳಿದಳು. ಲಾಂಡ್ರಿ ದೊಡ್ಡಕ್ಕನಿಗೆ ಪರಿಹಾರ ಕೊಡಬೇಕಾಯಿತು. ಕೆಂಪು ಗುಂಡಿ ಒಂದೇ ದಿನದಲ್ಲಿ ರಿಪೇರಿಯಾಯಿತು. ಮೇನ್ ಸ್ವಿಚ್ಚಿಗೆ ಬೀಗ ಬಂತು. ಯಂತ್ರಕ್ಕೆ ಕೈ ಹಾಕುವವರು ಬೀಗ ಹಾಕಿ ಕೀಲಿಯನ್ನು ತಮ್ಮ ಸೊಂಟದಲ್ಲೇ ಇಟ್ಟುಕೊಳ್ಳಬೇಕು. ಆಫ್ ಸಾಹೇಬನನ್ನು ಪೂರ್ತಿ ತೆಗೆದುಹಾಕಲಿಲ್ಲ. ಮತ್ತೆ ಕೊಳೆಬಟ್ಟೆಯ ಗಂಟಿನ ಕೆಲಸಕ್ಕೆ ಇಳಿಸಿದರು. ದೊಡ್ಡಕ್ಕ ಮಡಚಿದ ಬಟ್ಟೆ ಪರೀಕ್ಷಿಸುವ ಮೇಜಿಗೆ ಹೋದಳು. ಹೋಗುತ್ತಾ ಬರುತ್ತಾ ಅವನು ಎದುರಾದರೆ ಗೋಡೆ ನೋಡಿದಂತೆ ನೋಡುತ್ತಿದ್ದಳು.

ತಂಗಿ ನಾಲ್ಕು ತಿಂಗಳು ಅತ್ತ ಸುಳಿಯಲಿಲ್ಲ. ಒಂದು ಭಾನುವಾರ ಬಂದು, ಅಕ್ಕನ ಹಿಂದೆ ಕುಳಿತು ಜಡೆ ಹಾಕತೊಡಗಿದಳು. ಬಲಗೈಯ ಉಳಿದ ಮೂರು ಬೆರಳಲ್ಲಿ ಅಕ್ಕ ಹೆಣೆದುಕೊಂಡಿದ್ದ ಸಡಿಲ ಜಡೆಯನ್ನು ಬಿಚ್ಚಿ, ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬಿಗಿಯಾಗಿ ಹೆಣೆಯಲು ಕೂದಲನ್ನು ಮೂರು ಪಾಲು ಮಾಡಿದಳು. ದೊಡ್ಡಕ್ಕನೇ ಕೇಳಿದಳು:

"ಹೇಗಿದ್ದಾನೆ ನಿನ್ನ ಗಂಡ?"

"ಮೊದಲಿನ ಹಾಗೆ ಮಾತೇ ಆಡಲ್ಲ ಅಕ್ಕ."

"ಒಳ್ಳೇದಾಯ್ತು ಬಿಡು," ಎಂದಳು ದೊಡ್ಡಕ್ಕ. "ಇನ್ನೊಂದು ಸ್ವಲ್ಪ ಎಣ್ಣೆ ಹಚ್ಚು."